ಬೆರಳಿಲ್ಲದ ದಸ್ತಾನ

ಈ ಸಲ ಬೀದರಿಗೆ ಚಳಿ ಹೇಳದೆ ಕೇಳದೆ ಬಂದುಬಿಟ್ಟಿತು. ಮೊನ್ನೆ ಮೊನ್ನೆಯವರೆಗೂ ಫ್ಯಾನು ತಿರುಗುತ್ತಿದ್ದ ಮನೆಯಲ್ಲಿ ಈಗ ಮುಂಜಾನೆ ನೆಲದ ಮೇಲೆ ಕಾಲಿಡಲು ಧೈರ್ಯ ಬೇಕು. ಹೀಗಾಗಿ ಇವತ್ತು ಅಲಮಾರಿಯ ಕೆಳಗಿನ ಖಾನೆಯಿಂದ ಸ್ವೆಟರು, ಮಫ್ಲರುಗಳ ಗಂಟನ್ನು ಎಳೆದು ಬಿಚ್ಚಿದೆ. ಬಿಚ್ಚಿದ ಕೂಡಲೇ ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಈ ವಾಸನೆಗೆ ನಿಮಗೆ ಏನು ನೆನಪಾಗುತ್ತದೋ ನಾನರಿಯೆ. ಕೆಲವರಿಗೆ ಅಜ್ಜಿಯ ಟ್ರಂಕು, ಕೆಲವರಿಗೆ ಮದುವೆಯ ಸೀರೆ. ನನಗೆ ಮಾತ್ರ ಔರಾದಕ್ಕೆ ಹೋಗುವ ಏಳು ಗಂಟೆಯ ಬಸ್ಸು, ಅದರ ಎಡಗಡೆಯ ಮೂರನೆಯ ಸೀಟು, ಆ ಸೀಟಿನಲ್ಲಿ ಕಿಟಕಿಯ ಪಕ್ಕ ಕೂತಿರುತ್ತಿದ್ದ ಸಲೋಮಿ ಸಿಸ್ಟರ್ ನೆನಪಾಗುತ್ತಾರೆ. ಅವರ ಕೈಚೀಲಕ್ಕೆ ಇದೇ ವಾಸನೆ. ಜೊತೆಗೆ ಸೂಜಿ ಚುಚ್ಚುವ ಮೊದಲು ತೋಳಿಗೆ ಒರೆಸುವ ಸ್ಪಿರಿಟ್ಟಿನ ವಾಸನೆಯೂ ಸ್ವಲ್ಪ ಬೆರೆತಿರುತ್ತಿತ್ತು.

ಆಗ ನಾನು ಔರಾದದ ಒಂದು ಸಾಲೆಯಲ್ಲಿ ಗಣಿತದ ಮಾಸ್ತರ. ಮನೆ ಬೀದರಿನಲ್ಲಿ. ಔರಾದಕ್ಕೆ ರೈಲು ಇಲ್ಲ, ಬಸ್ಸೇ ಗತಿ. ದಿನಾ ಒಂದೇ ಬಸ್ಸಿಗೆ ಹೋಗುವವರ ನಡುವೆ ಯಾರೂ ಬರೆಯದ ಒಂದು ಕಾಯಿದೆ ಇರುತ್ತದೆ. ಯಾರ ಸೀಟು ಯಾವುದು, ಯಾರು ಯಾರ ಹೆಗಲ ಮೇಲೆ ನಿದ್ದೆ ಹೋಗಬಹುದು, ಯಾರ ಡಬ್ಬಿಯಲ್ಲಿ ಇವತ್ತು ಏನಿದೆ ಎಂಬುದೆಲ್ಲ ಎಲ್ಲರಿಗೂ ಗೊತ್ತು. ಆ ಕಾಯಿದೆಯ ಪ್ರಕಾರ ನನ್ನ ಪಾಲಿಗೆ ಬಂದ ಸೀಟು ಸಲೋಮಿ ಸಿಸ್ಟರ ಪಕ್ಕದ್ದು. ಔರಾದದ ದವಾಖಾನೆಯೊಂದರಲ್ಲಿ ಅವರು ನರ್ಸು. ಆಗಲೇ ಮೂವತ್ತು ವರ್ಷದ ನೌಕರಿ. ಐವತ್ತರ ಮೇಲೆ ವಯಸ್ಸು, ದಪ್ಪ ಗಾಜಿನ ಕನ್ನಡಕ, ಕಡಿಮೆ ಮಾತು. ಬಸ್ಸು ಊರು ಬಿಟ್ಟಿತೆಂದರೆ ಚೀಲದಿಂದ ನಾಲ್ಕು ಕಡ್ಡಿ, ಎರಡು ಉಲ್ಲನ್ ಉಂಡೆ ತೆಗೆದು ಹೆಣಿಗೆ ಶುರು ಮಾಡುವರು. ಆ ಕಡ್ಡಿಗಳಿಗೆ ಅವರು ಸಲಾಯಿ ಎನ್ನುತ್ತಿದ್ದರು.

ಆ ವರ್ಷ ದೀಪಾವಳಿ ಮುಗಿದ ಮೇಲೆ ಅವರು ಹೆಣೆಯತೊಡಗಿದ್ದು ಒಂದು ವಿಚಿತ್ರ ವಸ್ತು. ಕಪ್ಪು ದಾರದ ನೆಲ, ಅದರ ಮೇಲೆ ಒಂದು ಬದಿಗೆ ಹಳದಿ ದಾರದ ಸಣ್ಣ ಹೂಗಳು. ಮೊಳಕೈಗೂ ಮಣಿಕಟ್ಟಿಗೂ ನಡುವೆ ಶುರುವಾದದ್ದು ದಿನಕ್ಕೆ ಎರಡು ಬೆರಳಿನಷ್ಟು ಬೆಳೆಯುತ್ತ ಅಂಗೈಗೆ ಬಂತು. ಒಂದು ಪಕ್ಕದಲ್ಲಿ ಹೆಬ್ಬೆರಳಿಗೆ ಕಿಂಡಿಯೂ ಬಂತು. ಕೈಗವಸು ಎಂದು ನನಗೆ ತಿಳಿಯಿತು. ಇನ್ನೇನು ಬೆರಳುಗಳು ಬರುತ್ತವೆ ಎಂದು ನಾನು ಕಾದೆ. ಒಬ್ಬ ಮನುಷ್ಯ ಬಸ್ಸಿನಲ್ಲಿ ಕೂತು ಪಕ್ಕದವರ ದಸ್ತಾನಕ್ಕೆ ಬೆರಳು ಬರಲಿ ಎಂದು ಕಾಯುವುದು ಹಾಸ್ಯಾಸ್ಪದವೆಂದು ನಿಮಗೆ ಅನ್ನಿಸಬಹುದು. ಆದರೆ ದಿನಾ ಒಂದೂವರೆ ತಾಸು ಅದೇ ತೊಗರಿಯ ಹೊಲ, ಅದೇ ಮಾಂಜ್ರಾ ಸೇತುವೆ ನೋಡುವವನಿಗೆ ಅಷ್ಟಾದರೂ ಕುತೂಹಲ ಬೇಡವೇ.

ಒಂದು ದಿನ ಸಿಸ್ಟರು ಬೆರಳಿನ ಬುಡದ ಹತ್ತಿರಕ್ಕೇ ಹೆಣಿಗೆ ಮುಗಿಸಿ, ದಾರ ಕತ್ತರಿಸಿ, ಗಂಟು ಹಾಕಿ ಚೀಲದಲ್ಲಿಟ್ಟುಬಿಟ್ಟರು. ನನಗೆ ತಡೆಯಲಾಗಲಿಲ್ಲ.

“ಸಿಸ್ಟರ್, ಉಲ್ಲನ್ ಸಾಲಲಿಲ್ಲೇನ್ರಿ?”

“ಯಾಕ್ರಿ ಮಾಸ್ತರ?”

“ಬೆರಳು ಹಾಕ್ಲೇ ಇಲ್ಲಲ್ಲ.”

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ದವಾಖಾನೆಯಲ್ಲಿ ಗುಳಿಗೆಯನ್ನು ಚೀಪಬೇಕೋ ನುಂಗಬೇಕೋ ಎಂದು ಕೇಳುವವರನ್ನು ಹೀಗೇ ನೋಡುತ್ತಿದ್ದರೆಂದು ಕಾಣುತ್ತದೆ. “ಇದು ಬೆರಳಿಲ್ಲದ ದಸ್ತಾನರಿ. ಬೆರಳ ಖುಲ್ಲಾ ಇರಬೇಕು. ಹಾರ್ಮೋನಿಯಂ ಬಾರಿಸೋರಿಗಿ ಮಾಡ್ಲತ್ತೀನಿ.”

“ಬಣ್ಣ ಮಾತ್ರ ಆಟೋದ್ದು ಆಗ್ಯಾದ ನೋಡ್ರಿ,” ಎಂದೆ. ತಮಾಷೆ ಮಾಡಿದೆ ಎಂದು ನನ್ನ ಭಾವನೆ. ಸಿಸ್ಟರು ಸಂತಪುರ ಬರುವವರೆಗೆ ಕನ್ನಡಕ ಒರೆಸಿದರು. ಆಮೇಲೆ ಕಿಟಕಿಯ ಹೊರಗೆ ಕೈ ತೋರಿಸಿ, “ಅದು ಏನ್ ಹೂವರಿ?” ಎಂದರು. ತೊಗರಿ ಹೂವಿಗೆ ಬಂದಿತ್ತು. ಹೊಲದ ತುಂಬ ಹಳದಿ. “ಮನ್ನಳ್ಳಿಯಾಗ ನಮ್ಮಪ್ಪನ ಹೊಲದ ತುಂಬ ಅದೇ ಇರ್ತಿತ್ತು. ನಾನು, ನನ್ನ ತಂಗಿ ಅದರಾಗೇ ಬೆಳೆದೇವಿ.”

ಹಾರ್ಮೋನಿಯಂ ಬಾರಿಸುವುದು ಆ ತಂಗಿಯೇ ಎಂಬುದು ನನಗೆ ನಾಲ್ಕಾರು ದಿನ ಬಿಟ್ಟು ತಿಳಿಯಿತು. ಸಿಸ್ಟರು ಅದನ್ನು ಒಂದೇ ಸಲ ಹೇಳಲಿಲ್ಲ. ಜನವಾಡದಲ್ಲಿ ಸ್ವಲ್ಪ, ಸಂತಪುರದಲ್ಲಿ ಸ್ವಲ್ಪ, ಹೆಣಿಗೆಯ ಕಡ್ಡಿ ಬದಲಿಸುವಾಗಲೊಮ್ಮೆ ಸ್ವಲ್ಪ. ತಂಗಿಯ ಹೆಸರು ರಾಹೇಲಬಾಯಿ. ಭಾಲ್ಕಿಯಲ್ಲಿ ಮನೆ. ಅಲ್ಲಿಯ ಚರ್ಚಿನಲ್ಲಿ ಇಪ್ಪತ್ತು ವರ್ಷದಿಂದ ಹಾಡಿಗೆ ಹಾರ್ಮೋನಿಯಂ ಅವರದೇ. ತಾಯಿ ತೀರಿಕೊಂಡಾಗ ನಡೆದ ಸ್ಮರಣೆಯ ಪ್ರಾರ್ಥನೆಯಲ್ಲೂ ಅವರೇ ಬಾರಿಸಿದ್ದರು. ಅವತ್ತು ಹಾಡು ಎಳೆದೆಳೆದು ಸಾಗಿತು. ದುಃಖವೋ ಸಿಟ್ಟೋ, ಅಕ್ಕ ಎಲ್ಲರ ಮುಂದೆ, “ರಾಹೇಲನ ಕೈ ಜಡ ಆಗ್ಯಾದ, ಇನ್ನ ಮ್ಯಾಲ ಬ್ಯಾರೇದವರಿಗಿ ಕೂಡಸ್ರಿ” ಎಂದುಬಿಟ್ಟರು. ತಂಗಿ ಹಾರ್ಮೋನಿಯಂ ಮುಚ್ಚಿ ಎದ್ದು ಹೋದರು. ಅಲ್ಲಿಂದ ಆರು ವರ್ಷ ಅಕ್ಕತಂಗಿಯರ ನಡುವೆ ಮಾತಿಲ್ಲ. ಚರ್ಚಿನವರು ಮಾತ್ರ ಬೇರೆ ಯಾರನ್ನೂ ಕೂಡಿಸಲಿಲ್ಲ.

“ಈ ವರ್ಷ ಒಂದು ಲಗ್ನದಾಗ ಆಕೀನ ದೂರದಿಂದ ನೋಡಿದೆ,” ಎಂದರು ಸಿಸ್ಟರ್ ಒಂದು ಮುಂಜಾನೆ. “ತಾಟ ಹಿಡಕೊಂಡು ನಿಂತಿದ್ಲು. ಬೆರಳಿನ ಗಂಟು ಒಂದೊಂದೂ ಬೋರೆಹಣ್ಣಿನಂಗ ಊದ್ಯಾವ. ಜಡ ಅಲ್ಲರಿ ಅದು, ನೋವು. ಮೂವತ್ತು ವರ್ಷ ಊರಮಂದಿ ಕೈ ಹಿಡದು ನಾಡಿ ನೋಡೀನಿ. ತಂಗೀ ಕೈ ನೋಡ್ಲಿಲ್ಲ.”

ಅದಕ್ಕೇ ಈ ದಸ್ತಾನ. ಕ್ರಿಸ್‌ಮಸ್ಸಿನ ಮುಂಜಾನೆಯ ಆರಾಧನೆಗೆ ಚರ್ಚಿನ ಕಲ್ಲುಕಟ್ಟಡ ಹೇಗೆ ಥಂಡಿ ಹಿಡಿದಿರುತ್ತದೆಂದು ಅವರಿಗೆ ಗೊತ್ತು. ಗಂಟುಗಳು ಬೆಚ್ಚಗಿರಬೇಕು, ಬೆರಳ ತುದಿ ಮಾತ್ರ ಹಾರ್ಮೋನಿಯಮ್ಮಿನ ಮಣೆಗೆ ತಾಗಬೇಕು. ಹಬ್ಬದ ಮುನ್ನಾದಿನ ತಾವೇ ಒಯ್ದು ಕೊಡುವುದು, ಏನು ಮಾತಾಡುವುದು ಎಂದು ಆಮೇಲೆ ನೋಡುವುದು. ಇದು ಅವರ ಯೋಜನೆ.

ಯೋಜನೆ ಕೆಟ್ಟದ್ದು ಔರಾದ ಬಸ್‌ಸ್ಟ್ಯಾಂಡಿನಲ್ಲಿ. ಡಿಸೆಂಬರಿನ ಮೊದಲ ವಾರ, ಬಸ್ಸಿನಿಂದ ಇಳಿಯುವಾಗ ತಮ್ಮದೇ ಚೀಲದ ಪಟ್ಟಿಗೆ ಕಾಲು ಸಿಕ್ಕಿ ಸಿಸ್ಟರು ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಬಿದ್ದವರು ಎದ್ದು ಕೂತು, ಎಡಗೈಯಿಂದ ಬಲಗೈಯನ್ನು ಒತ್ತಿ ನೋಡಿ, “ಫ್ರ್ಯಾಕ್ಚರ್ ಅದ” ಎಂದು ತಾವೇ ನಿರ್ಣಯ ಹೇಳಿ, ಚೀಲದಲ್ಲಿದ್ದ ಹೆಣಿಗೆ ಬಿಚ್ಚಿಹೋಗಿಲ್ಲವಷ್ಟೇ ಎಂದು ನನ್ನನ್ನು ಕೇಳಿದರು. ಬಿಚ್ಚಿರಲಿಲ್ಲ. ಎಡಗೈಯ ದಸ್ತಾನ ಪೂರ್ತಿಯಾಗಿತ್ತು. ಬಲಗೈಯದು ಮಣಿಕಟ್ಟಿನ ಪಟ್ಟಿಯವರೆಗೆ ಮಾತ್ರ ಬಂದಿತ್ತು.

ನಾಲ್ಕು ದಿನ ಬಿಟ್ಟು ಅವರು ಪ್ಲಾಸ್ಟರು ಹಾಕಿದ ಕೈಯನ್ನು ಕೊರಳಿಗೆ ನೇತುಹಾಕಿಕೊಂಡು ಬಸ್ಸು ಹತ್ತಿದರು. ದವಾಖಾನೆಯಲ್ಲಿ ಕೂತು ಬರೆಯುವ ಕೆಲಸವಂತೆ, ಅದನ್ನು ಎಡಗೈಯಲ್ಲಿ ಹೇಗೆ ಬರೆಯುತ್ತಿದ್ದರೋ ಅವರಿಗೇ ಗೊತ್ತು. ಸೀಟಿನಲ್ಲಿ ಕೂತವರೇ ಚೀಲವನ್ನು ನನ್ನ ತೊಡೆಯ ಮೇಲಿಟ್ಟರು.

“ಮಾಸ್ತರ, ನೀವ್ ಮುಗಸ್ರಿ.”

“ನಾನಾ? ನನಗ ಎಲ್ಲಿ ಬರ್ತದ ಸಿಸ್ಟರ್?”

“ಎಣಸ್ಲಾಕ ಬರ್ತದಲ್ಲ? ಇದು ಬರೇ ಎಣಿಕಿ. ಪಟ್ಟ್ಯಾಗಿನ ಉಲ್ಟಾ ಕುಣಿಕಿ ಎಲ್ಲ ನಾ ಮುಗಿಸೀನಿ, ಇನ್ನ ಪೂರಾ ಸೀದಾ ಕುಣಿಕಿ.”

ನಲವತ್ತೆಂಟು ಕುಣಿಕೆ, ಎಂಟೆಂಟರ ಆರು ಭಾಗ. ಹೂವಿನ ನಕ್ಷೆ ಗಣಿತದ ಚೌಕದ ಪುಸ್ತಕದ ಹಾಳೆಯೊಂದರಲ್ಲಿ ಬರೆದಿತ್ತು. ತುಂಬಿದ ಚೌಕ ಹಳದಿ, ಖಾಲಿ ಚೌಕ ಕಪ್ಪು. ಇಷ್ಟು ಸ್ಪಷ್ಟವಾದ ಲೆಕ್ಕವನ್ನು ನಾನು ಪರೀಕ್ಷೆಯಲ್ಲಿ ಕೂಡ ಕೊಟ್ಟಿರಲಿಲ್ಲ. ಸ್ವಲ್ಪ ಅಹಂಕಾರದಿಂದಲೇ ಕಡ್ಡಿಗಳನ್ನು ಕೈಗೆ ತೆಗೆದುಕೊಂಡೆ.

ಅಹಂಕಾರ ಜನವಾಡ ದಾಟುವ ಮೊದಲೇ ಇಳಿಯಿತು. ಕಡ್ಡಿ ನಾಲ್ಕು, ಕೈ ಎರಡು, ದಾರ ಎರಡು, ರಸ್ತೆಯ ಗುಂಡಿಗಳಿಗೆ ಮಾತ್ರ ಲೆಕ್ಕವಿಲ್ಲ. ಹೂವಿನ ಜಾಗದಲ್ಲಿ ಹಳದಿ ಹೆಣೆಯುವಾಗ ಕಪ್ಪು ದಾರ ಹಿಂದೆ ಕಾಯುತ್ತ ಬರಬೇಕು, ಕಪ್ಪು ಹೆಣೆಯುವಾಗ ಹಳದಿ ಕಾಯಬೇಕು. ಕಾಯುವ ದಾರವನ್ನು ಬಿಗಿಯಾಗಿ ಎಳೆದರೆ ಇಡೀ ಹೆಣಿಗೆ ಮುದುಡಿಕೊಳ್ಳುತ್ತದೆ. ಸಡಿಲ ಬಿಟ್ಟರೆ ಹಾಕಿಕೊಳ್ಳುವಾಗ ಬೆರಳಿಗೆ ತೊಡರುತ್ತದೆ. ಸಿಸ್ಟರು ಗದ್ದದಿಂದ ದಾರ ತೋರಿಸುತ್ತ ಪಾಠ ಹೇಳುವರು, ನಾನು ನಾಲಿಗೆ ಕಚ್ಚಿಕೊಂಡು ಹೆಣೆಯುವೆ. ಕಂಡಕ್ಟರು ದಿನಾ ಒಮ್ಮೆ ಬಂದು, “ಮಾಸ್ತರ, ಬ್ರೇಕ್ ಹಾಕಿದ್ರ ಯಾರ ಕಣ್ಣಾಗರ ಚುಚ್ಚೀತು, ಜರಾ ನೋಡ್ಕೋರಿ” ಎಂದು ಎಚ್ಚರಿಸಿ ಹೋಗುವನು. ಹಿಂದಿನ ಸೀಟಿನ ಹೆಂಗಸರು ಎದ್ದು ನಿಂತು ನನ್ನ ಹೆಗಲ ಮೇಲಿನಿಂದ ನೋಡುವರು. ಇಪ್ಪತ್ತು ವರ್ಷ ಕರಿಹಲಗೆಯ ಮುಂದೆ ನಿಂತರೂ ನನಗೆ ಅಷ್ಟು ಗಮನವಿಟ್ಟು ನೋಡುವ ಕ್ಲಾಸು ಸಿಕ್ಕಿರಲಿಲ್ಲ.

ಒಂದು ವಾರದ ಹೆಣಿಗೆ ಮುಗಿದ ಮೇಲೆ ಸಿಸ್ಟರು ಅದರೊಳಗೆ ಮೂರು ಬೆರಳು ಹಾಕಲು ನೋಡಿದರು. ಹೋಗಲಿಲ್ಲ.

“ಗಾಂಧಿ ಗಂಜ್ ಬಜಾರದಾಗ ತೊಗರಿ ಚೀಲದ ಬಾಯಿ ಹೊಲೀತಾರಲ್ಲ, ಹಂಗ ಎಳದೀರಿ. ಬಿಚ್ಚರಿ.”

“ಪೂರಾನಾ?”

“ಪೂರಾ.”

ವಾರದ ದುಡಿತ ಬಿಚ್ಚಲು ಅರ್ಧ ನಿಮಿಷ ಸಾಕಾಯಿತು. ಮಕ್ಕಳ ಲೆಕ್ಕದ ಮೇಲೆ ಕೆಂಪು ಗೆರೆ ಎಳೆದು ‘ಮತ್ತೆ ಮಾಡು’ ಎಂದು ಬರೆಯುವಾಗ ಅವರಿಗೆ ಹೇಗಾಗುತ್ತದೆಂದು ನನಗೆ ಮೊದಲ ಸಲ ಅರ್ಥವಾಯಿತು. ಅದರ ಮಾರನೆಯ ದಿನ ಕ್ಲಾಸಿನಲ್ಲಿ ಕೆಂಪು ಪೆನ್ನು ಮುಟ್ಟಲಿಲ್ಲ. ಮೂರನೆಯ ದಿನ ಮುಟ್ಟಿದೆ, ಅದು ಬೇರೆ ಮಾತು.

ಇದನ್ನೆಲ್ಲ ನಾನು ಮನೆಯಲ್ಲಿ ಹೇಳಿರಲಿಲ್ಲ. ಗಂಡಸು ಹೆಣಿಗೆ ಹಿಡಿದಿದ್ದಾನೆ ಎಂಬ ಸಂಕೋಚ ಇದ್ದೇ ಇತ್ತು. ಹೆಂಡತಿ ಸುಮಿತ್ರಾಗೆ ನನ್ನ ಕೋಟಿನ ಮೇಲೆ ಸಿಕ್ಕಿದ್ದು ಹಳದಿ ಉಲ್ಲನ್ನಿನ ಒಂದು ಎಳೆ. ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಇದು ಯಾರದರಿ?” ಎಂದು ಕೇಳಿದಳು. ನಾನು ತೊದಲಿದೆ. ತೊದಲಿದ್ದರಿಂದ ವಿಷಯ ಇದ್ದದ್ದಕ್ಕಿಂತ ದೊಡ್ಡದಾಗಿ ಕಂಡಿತು. ಕೊನೆಗೆ ಚೀಲ ತಂದು ಕಡ್ಡಿ, ದಾರ, ನಕ್ಷೆ ಎಲ್ಲವನ್ನೂ ಅವಳ ಮುಂದೆ ಸುರಿದು, ಅಕ್ಕತಂಗಿಯರ ಕಥೆ ಹೇಳಿದೆ. ಅವಳು ಪೂರ್ತಿ ಕೇಳಿ, “ನನಗ ಒಂದು ದಿನ ಗುಂಡಿ ಹಚ್ಚಿಕೊಟ್ಟಿಲ್ಲ ನೀವು,” ಎಂದಳು. ನಕ್ಷೆಯನ್ನು ಮಡಚಿ ಚೀಲಕ್ಕೆ ಹಾಕುತ್ತ, “ಲಗೂ ಮುಗಸ್ರಿ, ಪಾಪ, ಹಬ್ಬ ಬಂತು,” ಎಂದೂ ಅಂದಳು.

ಕೊನೆಯ ನಾಲ್ಕು ದಿನ ಸಿಸ್ಟರು ರಜೆ ಹಾಕಿದ್ದರಿಂದ ನಾನೇ ಸ್ವತಂತ್ರವಾಗಿ ಹೆಣೆದೆ. ಈಗ ಕೈ ಪಳಗಿತ್ತು. ದಾರ ಬಿಗಿಯೂ ಅಲ್ಲ ಸಡಿಲವೂ ಅಲ್ಲ, ಹೂವುಗಳು ಪೂರ್ತಿಯಾದ ಮೊದಲನೆಯ ದಸ್ತಾನದಲ್ಲಿದ್ದ ಹಾಗೇ ಬಂದವು. ಅದನ್ನು ಪಕ್ಕದಲ್ಲಿಟ್ಟುಕೊಂಡು, ಅದು ಹೇಗಿದೆಯೋ ಥೇಟು ಹಾಗೆಯೇ ಮಾಡಿದೆ. ಈ ಮಾತನ್ನು ನೆನಪಿನಲ್ಲಿಡಿ.

ಹಬ್ಬದ ಮುನ್ನಾದಿನ ಸಿಸ್ಟರು ನನಗೆ ಫೋನು ಮಾಡಿ, ಒಂದು ಕೈಯಲ್ಲಿ ಚೀಲ ಹಿಡಿದು ರೈಲು ಹತ್ತಲಾಗುವುದಿಲ್ಲ, ಭಾಲ್ಕಿಯವರೆಗೆ ಜೊತೆಗೆ ಬರುತ್ತೀರಾ ಎಂದು ಕೇಳಿದರು. ಚೀಲ ಅಷ್ಟೇನೂ ಭಾರವಿರಲಿಲ್ಲ. ಒಬ್ಬರೇ ಹೋಗಲು ಅವರಿಗೆ ಅಂಜಿಕೆ ಎಂದು ನನಗೂ ತಿಳಿಯಿತು, ನಾನು ತಿಳಿದದ್ದು ಅವರಿಗೂ ತಿಳಿಯಿತು. ರೈಲಿನಲ್ಲಿ ಕೂತ ಮೇಲೆ ನಾನು ಹೆಮ್ಮೆಯಿಂದ ಎರಡೂ ದಸ್ತಾನಗಳನ್ನು ಅವರ ಮಡಿಲಲ್ಲಿಟ್ಟೆ. ಅವರು ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು. ಹಲಬರ್ಗಾ ಸ್ಟೇಷನ್ನಿನವರೆಗೂ ನೋಡಿದರು.

“ಮಾಸ್ತರ, ಇದು ಯಾವ ಕೈದು?”

“ಬಲಗೈದು.”

“ಹಾಕ್ಕೋರಿ ನೋಡೂನು.”

ಹಾಕಿಕೊಂಡೆ. ಹೆಬ್ಬೆರಳು ಕಿಂಡಿಯಲ್ಲಿ ಸರಿಯಾಗಿಯೇ ಬಂತು. ಆದರೆ ಕೈಯ ಮೇಲ್ಭಾಗದಲ್ಲಿ ಇರಬೇಕಾದ ತೊಗರಿಯ ಹೂಗಳೆಲ್ಲ ಅಂಗೈಯೊಳಗೆ ಅರಳಿ ಕೂತಿದ್ದವು. ಹೊರಗಡೆಗೆ ಬರೀ ಕಪ್ಪು. ನಾನು ಹೆಣೆದದ್ದು ಇನ್ನೊಂದು ಎಡಗೈ. ಅದೇ ವಾರ ಏಳನೆಯ ಇಯತ್ತೆಗೆ ಕನ್ನಡಿಯ ಪ್ರತಿಬಿಂಬದ ಪಾಠ ಮಾಡಿದ್ದೆ. ಎಡವು ಬಲವಾಗುತ್ತದೆ, ಬಲವು ಎಡವಾಗುತ್ತದೆ ಎಂದು ಮಕ್ಕಳಿಂದ ಮೂರು ಸಲ ಹೇಳಿಸಿಯೂ ಇದ್ದೆ.

ಸಿಸ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಿಟಕಿಯ ಕಡೆ ಮುಖ ಮಾಡಿ, “ಆರು ವರ್ಷದ ಮ್ಯಾಲ ಹೋಗ್ಲತ್ತೀನಿ, ಕೈಯಾಗ ಇಂಥಾದ್ದು ಹಿಡಕೊಂಡು,” ಎಂದರು. ಅವರ ದನಿ ಸಣ್ಣದಾಗಿತ್ತು. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ತಿರುಗಿ ಹೋಗೋಣ ಎನ್ನುತ್ತಾರೇನೋ ಎಂದು ನನಗೆ ಹೆದರಿಕೆಯಾಯಿತು. ಮುಂದಿನ ಸ್ಟೇಷನ್ನು ಭಾಲ್ಕಿಯೇ ಆಗಿದ್ದು ಪುಣ್ಯ.

ರಾಹೇಲಬಾಯಿ ಬಾಗಿಲು ತೆರೆದರು. ಅಕ್ಕನಿಗಿಂತ ತೆಳ್ಳಗೆ, ಎತ್ತರ. ಅಕ್ಕನ ಮುಖ ನೋಡಿದ ಕೂಡಲೇ ಅವರ ಮುಖ ಬಿಗಿಯಾಯಿತು. ಬಾಗಿಲು ಹಿಡಿದ ಕೈ ಸಡಿಲಾಗಲಿಲ್ಲ. ಆಮೇಲೆ ಕಣ್ಣು ಪ್ಲಾಸ್ಟರಿನ ಮೇಲೆ ಬಿತ್ತು.

“ಕೈಗಿ ಏನಾಯ್ತು?”

“ಬಿದ್ದೆ.”

“ಎಂದು?”

“ಮೂರು ವಾರಾತು.”

“ಯಾರಿಗರ ತಿಳಸಬಾರದೇನು?” ಎಂದು ರಾಹೇಲಬಾಯಿ ಬಾಗಿಲು ಬಿಟ್ಟು ಒಳಗೆ ಹೋಗಿ ಎರಡು ಕುರ್ಚಿ ಹಾಕಿದರು. ನಾನು ಯಾರು ಎಂದು ಕೇಳಲಿಲ್ಲ. ಚಹಾ ತಂದರು. ಮೂವರೂ ಕುಡಿದೆವು.

ಬಸಿ ಕೆಳಗಿಟ್ಟ ಮೇಲೆ ಸಿಸ್ಟರು ದಸ್ತಾನಗಳ ಪೊಟ್ಟಣವನ್ನು ತಂಗಿಯ ಮುಂದೆ ಸರಿಸಿದರು. ರಾಹೇಲಬಾಯಿ ಬಿಚ್ಚಿದರು. ಹೂವನ್ನು ನೋಡಿ, “ತೊಗರಿ,” ಎಂದು ಮೆಲ್ಲಗೆ ಅಂದರು. ಎಡಗೈಗೆ ಒಂದನ್ನು ಏರಿಸಿದರು. ಊದಿದ ಗಂಟುಗಳ ಮೇಲೆ ಅದು ನೋವಾಗದ ಹಾಗೆ ಜಾರಿ ಕೂತಿತು. ಬೆರಳನ್ನು ಮಡಚಿ ಬಿಚ್ಚಿ ನೋಡಿದರು. ಇನ್ನೊಂದನ್ನು ಬಲಗೈಗೆ ಏರಿಸಿದರು. ಕೈ ತಿರುವಿದರು. ಮತ್ತೆ ತಿರುವಿದರು. ನಾನು ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ಬಹಳ ಆಸ್ಥೆಯಿಂದ ಓದತೊಡಗಿದೆ.

“ಅಕ್ಕಾ, ನನಗ ಎರಡೂ ಎಡಗೈ ಅವ ಅಂತ ತಿಳದೀಯೇನು?”

ಸಿಸ್ಟರು ಪ್ಲಾಸ್ಟರಿನ ಕೈಯನ್ನೇ ಎತ್ತಿ ನನ್ನ ಕಡೆ ತೋರಿಸಿದರು. “ಇವರು ಹೆಣದಾರ. ಗಣಿತದ ಮಾಸ್ತರು.”

ರಾಹೇಲಬಾಯಿ ಆಗ ಮೊದಲ ಸಲ ನನ್ನನ್ನು ನೋಡಿದರು. ಅಡಿಯಿಂದ ಮುಡಿಯವರೆಗೆ ನೋಡಿದರು. ತುಟಿ ಬಿಗಿಹಿಡಿದರು, ಆದರೆ ಆಗಲಿಲ್ಲ. ಅವರು ನಕ್ಕರು, ಅವರನ್ನು ನೋಡಿ ಸಿಸ್ಟರೂ ನಕ್ಕರು. ಇಬ್ಬರ ನಗೆಯೂ ಒಂದೇ ಥರ, ಉಸಿರು ಒಳಗೆಳೆದು ಸದ್ದಿಲ್ಲದೆ ಮೈ ಅಲುಗಿಸುವ ನಗೆ.

“ಎಷ್ಟು ದಿನ ಹೆಣದ್ರು?”

“ಎರಡು ವಾರ. ಒಮ್ಮಿ ಪೂರಾ ಬಿಚ್ಚಸಿದೆ.”

“ಪಾಪ ಸಾಲಿ ಹುಡುಗುರು,” ಎಂದರು ರಾಹೇಲಬಾಯಿ.

ಅಲ್ಲಿಂದ ಮುಂದೆ ನನ್ನ ಬಗ್ಗೆ ಏನೇನು ಮಾತಾಯಿತೆಂದು ಇಲ್ಲಿ ಬರೆಯುವುದಿಲ್ಲ. ಅಕ್ಕ ಒಂದು ಹೇಳಿದರೆ ತಂಗಿ ಅದಕ್ಕೊಂದು ಸೇರಿಸುವರು. ಆರು ವರ್ಷ ಆಡದೆ ಉಳಿದ ಮಾತಿಗೆ ನಾನು ಒಳ್ಳೆಯ ವಿಷಯವಾಗಿದ್ದೆ. ನಾನು ಎರಡನೆಯ ಬಸಿ ಚಹಾ ಕುಡಿಯುತ್ತ, ತಲೆ ತಗ್ಗಿಸಿ, ಮನಸ್ಸಿನೊಳಗೆ ಬಹಳ ಸುಖವಾಗಿ ಕೂತಿದ್ದೆ.

ಆಮೇಲೆ ರಾಹೇಲಬಾಯಿ ದಸ್ತಾನ ಹಾಕಿಕೊಂಡೇ ಹಾರ್ಮೋನಿಯಂ ಎಳೆದುಕೊಂಡು ಕೂತು ನಾಲ್ಕು ಸಾಲು ಬಾರಿಸಿದರು. ಸಿಸ್ಟರು ಹಾಡು ಕೇಳುತ್ತಿರಲಿಲ್ಲ, ತಂಗಿಯ ಬೆರಳುಗಳನ್ನೇ ನೋಡುತ್ತಿದ್ದರು. ಹಾಡು ನಿಂತ ಮೇಲೆ, “ನೋಯ್ತಾವ ಅಂತ ನನಗ್ಯಾಕ ಹೇಳ್ಲಿಲ್ಲ ನೀ?” ಎಂದರು.

“ನೀ ಕೇಳ್ಲಿಲ್ಲ.”

“ಹೌದು, ಕೇಳ್ಲಿಲ್ಲ,” ಎಂದು ಸಿಸ್ಟರು ಎದ್ದು ಹೋಗಿ, ತಂಗಿಯ ಪಕ್ಕ ಚಾಪೆಯ ಮೇಲೆ ಕೂತು, ಆ ಬಲಗೈಯನ್ನು ತಮ್ಮ ಎಡಗೈಯಲ್ಲಿ ತೆಗೆದುಕೊಂಡು ಒಂದೊಂದೇ ಗಂಟು ಒತ್ತಿ ನೋಡತೊಡಗಿದರು. ನಾನು ರೈಲಿಗೆ ಹೊತ್ತಾಯಿತು ಎಂದು ಎದ್ದೆ. ರೈಲಿಗೆ ಇನ್ನೂ ಬಹಳ ಹೊತ್ತಿತ್ತು.

ಹಬ್ಬ ಮುಗಿದು ಮತ್ತೆ ಬಸ್ಸಿನಲ್ಲಿ ಸಿಕ್ಕಾಗ, ಹಾಡು ಹೇಗಾಯಿತು ಎಂದು ಕೇಳಿದೆ.

“ಈ ಸಲಾನೂ ಸಾವಕಾಶೇ ಆಯ್ತು,” ಎಂದರು ಸಿಸ್ಟರು. “ನಾನೂ ಸಾವಕಾಶೇ ಹಾಡಿದೆ.”

ನಿವೃತ್ತಿಯಾದ ಮೇಲೆ ಅವರು ಭಾಲ್ಕಿಗೇ ಹೋದರು, ತಂಗಿಯ ಮನೆಯ ಎದುರು ಬಾಡಿಗೆಗೆ. ಒಂದೇ ಮನೆಯಲ್ಲಿದ್ದರೆ ಜಗಳ ಆಗುತ್ತದೆ ಎಂದು ಇಬ್ಬರೂ ಮುಂಚೆಯೇ ಒಪ್ಪಿಕೊಂಡಿದ್ದಾರಂತೆ. ನಾನು ಹೆಣಿಗೆ ಬಿಡಲಿಲ್ಲ. ಈ ವರ್ಷಗಳಲ್ಲಿ ಮಫ್ಲರು, ಟೋಪಿ, ಸಹೋದ್ಯೋಗಿಗಳ ಮೊಮ್ಮಕ್ಕಳಿಗೆ ಕಾಲುಚೀಲ ಎಲ್ಲ ಹೆಣೆದಿದ್ದೇನೆ. ಎಡ ಬಲ ಎಂಬ ಭೇದವಿಲ್ಲದ ವಸ್ತುಗಳನ್ನೇ ಆರಿಸಿಕೊಂಡಿದ್ದೇನೆ ಎಂದು ನೀವು ಗಮನಿಸಿರಬಹುದು.

ಇವತ್ತು ಗಂಟು ಬಿಚ್ಚಿ, ಎಲ್ಲವನ್ನೂ ಮಂಚದ ಮೇಲೆ ಹರಡಿ ನೋಡುವಾಗ ಒಂದು ಸಂಗತಿ ಹೊಳೆಯಿತು. ಅದರಲ್ಲಿ ಸುಮಿತ್ರಾಗೆಂದು ನಾನು ಹೆಣೆದದ್ದು ಒಂದೂ ಇರಲಿಲ್ಲ. ಅವಳು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಹೊಲಿಗೆಯ ಡಬ್ಬಿಯಿಂದ ಅಳತೆಯ ಪಟ್ಟಿ ತೆಗೆದುಕೊಂಡು ಅಡುಗೆಮನೆಗೆ ಹೋದೆ. ಅವಳು ಒಂದು ಕೈಯಿಂದ ಉಪ್ಪಿಟ್ಟು ತಿರುವುತ್ತಿದ್ದಳು.

“ಸುಮಿತ್ರಾ, ಮುಂಜಾನೆ ನಿನ್ನ ಕೈ ಥಂಡಿ ಆಗ್ತಾವೇನು?”

“ಇಪ್ಪತ್ತೆಂಟು ವರ್ಷ ಆಯ್ತು ಥಣ್ಣೀರಾಗ ಕೈ ಹಾಕ್ಲತ್ತು. ಇವತ್ತ ಕೇಳ್ಲತ್ತೀರಿ?”

“ಇವತ್ತ ಕೇಳ್ಲತ್ತೀನಿ. ಕೈ ಕೊಡು.”

ಅವಳು ಖಾಲಿ ಇದ್ದ ಕೈಯನ್ನು, ನನ್ನ ಕಡೆ ನೋಡದೆ, ಹಿಂದಕ್ಕೆ ಚಾಚಿದಳು. ಪಟ್ಟಿ ಸುತ್ತಿದೆ. ಅಂಗೈ ನಾನು ಅಂದುಕೊಂಡದ್ದಕ್ಕಿಂತ ಸಣ್ಣದು. ಮಣಿಕಟ್ಟಿನ ಮೇಲೆ ಸುಟ್ಟ ಒಂದು ಹಳೆಯ ಕಲೆ ಇತ್ತು, ಅದು ಯಾವಾಗಿನದೆಂದು ನನಗೆ ಗೊತ್ತಿರಲಿಲ್ಲ. ನಡುಬೆರಳಿನ ಗಂಟು ಕೊಂಚ ಊದಿತ್ತು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದೆ.

“ನೋಯ್ತದೇನು?”

“ಮುಂಜಾನಿ ಹೊತ್ತು ಜರಾ,” ಎಂದಳು. ಆಮೇಲೆ, “ಎಷ್ಟೊತ್ತು ಅಳೀತೀರಿ? ಉಪ್ಪಿಟ್ಟು ತಳಾ ಹಿಡೀತದ.”

ನಾನು ಗ್ಯಾಸು ಆರಿಸಿ, ಇನ್ನೊಂದು ಕೈಯನ್ನೂ ಕೇಳಿದೆ.